‘ಆದೇಶದ ವಿರುದ್ಧ’ವೋ, ‘ಆದೇಶಕ್ಕೆ ವಿರುದ್ಧ’ವೋ?

ಪ್ರಶ್ನೆ: ತಹಶೀಲ್ದಾರರ ಆದೇಶದ ಮೇಲೆ ಅಪೀಲು ಹೋಗುವಾಗ ‘ಆದೇಶದ ವಿರುದ್ಧ’ ಅಂತ ಬರೆಯಬೇಕೋ, ‘ಆದೇಶಕ್ಕೆ ವಿರುದ್ಧ’ ಅಂತಲೋ? ಎರಡೂ ಒಂದೇ ಅಲ್ಲವೇ? (ಜೇವರ್ಗಿ)

ಈ ಪ್ರಶ್ನೆ ಬಾರದ ತಿಂಗಳಿಲ್ಲ. ‘ಎರಡೂ ನಡೀತದ ಬಿಡ್ರಿ’ ಅನ್ನುವ ಅರ್ಜಿ ಬರಹಗಾರರನ್ನು ನಂಬಬೇಡಿ, ನಡೆಯುವುದಿಲ್ಲ. ಹಿಂದೆ ಷಷ್ಠಿ (ಆದೇಶದ, ಅವರ) ಇದ್ದರೆ ‘ವಿರುದ್ಧ’ ಎದುರಾಳಿಯನ್ನು ತೋರಿಸುತ್ತದೆ. ಚತುರ್ಥಿ (ಆದೇಶಕ್ಕೆ, ನಿಯಮಕ್ಕೆ) ಇದ್ದರೆ ಉಲ್ಲಂಘನೆಯನ್ನು. ‘ಆದೇಶದ ವಿರುದ್ಧ ಮೇಲ್ಮನವಿ ಸಲ್ಲಿಸಿದ್ದೇನೆ’ ಅಂದರೆ ಆದೇಶವನ್ನು ಪ್ರಶ್ನಿಸಿದ್ದೀರಿ. ‘ಆದೇಶಕ್ಕೆ ವಿರುದ್ಧವಾಗಿ ಮೇಲ್ಮನವಿ ಸಲ್ಲಿಸಿದ್ದೇನೆ’ ಅಂದರೆ ಸಲ್ಲಿಸಕೂಡದೆಂದು ಆದೇಶವಿತ್ತು, ನೀವು ಮೀರಿದಿರಿ! ತಪ್ಪೊಪ್ಪಿಗೆಗೆ ನೀವೇ ರುಜು ಹಾಕಿದಂತೆ.

ನಮ್ಮ ಕಲ್ಯಾಣ ಕರ್ನಾಟಕದ್ದೇ ಒಂದು ವಾಕ್ಯ ನೋಡಿ (371(ಜೆ) ಅಂದರೆ ಈ ಭಾಗದವರಿಗೆ ಸ್ಥಳೀಯ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ ವಿಧಿ): ‘371(ಜೆ) ವಿಧಿಗೆ ವಿರುದ್ಧವಾಗಿ ನಡೆದ ನೇಮಕಾತಿಯ ವಿರುದ್ಧ ಧರಣಿ.’ ಎರಡೂ ತಮ್ಮ ತಮ್ಮ ಜಾಗದಲ್ಲಿವೆ. ಅವಸರದಲ್ಲಿ ‘371(ಜೆ) ವಿಧಿಯ ವಿರುದ್ಧ ಧರಣಿ’ ಎಂದು ಬ್ಯಾನರ್ ಬರೆಸಿದರೆ, ಸ್ಥಳೀಯ ಮೀಸಲಾತಿ ಕೊಡಿ ಎಂದು ಕೂತವರು ಮೀಸಲಾತಿಯೇ ಬೇಡ ಅಂದಂತಾಯಿತು.

ಪರೀಕ್ಷೆ ಸುಲಭ. ‘ವಿರುದ್ಧ’ ತೆಗೆದು ‘ಮೀರಿ’ ಹಾಕಿ. ‘ನಿಯಮ ಮೀರಿ ನೇಮಕ’ ಕೂಡುತ್ತದೆ, ಹಾಗಾಗಿ ‘ನಿಯಮಕ್ಕೆ’. ‘ಶಾಸಕರನ್ನು ಮೀರಿ ದೂರು’ ಕೂಡುವುದಿಲ್ಲ, ಹಾಗಾಗಿ ‘ಶಾಸಕರ’. ‘ನಿರೀಕ್ಷೆ’ಯಂಥ ಮಾತಿಗೆ ಮಾತ್ರ ಈ ಪರೀಕ್ಷೆ ಕೈಕೊಡುತ್ತದೆ: ನಿರೀಕ್ಷೆ ಮೀರಿ ಇಳುವರಿ ಬಂದರೆ ರೈತ ನಗುತ್ತಾನೆ, ನಿರೀಕ್ಷೆಗೆ ವಿರುದ್ಧವಾಗಿ ಬಂದರೆ ಅಳುತ್ತಾನೆ. ಅಲ್ಲಿ ‘ವ್ಯತಿರಿಕ್ತ’ ಹಾಕಿ ನೋಡಿ. ಅಷ್ಟಾದರೂ ಅನುಮಾನ ಉಳಿದರೆ ‘ಆದೇಶವನ್ನು ಪ್ರಶ್ನಿಸಿ’ ಎಂದೇ ಬರೆಯಿರಿ. ಕಚೇರಿಯ ಕಾಗದವಾದರೆ ನಾನು ಬರೆಯುವುದೂ ಹಾಗೆಯೇ.

ಇನ್ನು ಇದೇ ಪತ್ರದ ಕೊನೆಗೆ ಕೇಳಿರುವ ‘ತದ್ವಿರುದ್ಧ’. ತತ್ + ವಿರುದ್ಧ, ಜಶ್ತ್ವ ಸಂಧಿ. ‘ತತ್’ ಎಂದರೇ ‘ಅದು’, ಆದ್ದರಿಂದ ‘ಅದಕ್ಕೆ ತದ್ವಿರುದ್ಧ’ದಲ್ಲಿ ‘ಅದು’ ಎರಡು ಸಲ ಬಂತು. ರೂಢಿಯಾಗಿ ಹೋಗಿದೆ, ಜಗಳ ತೆಗೆಯುವುದಿಲ್ಲ. ಆದರೆ ಬರೀ ‘ಬೇರೆ’ ಅನ್ನುವ ಕಡೆ ಇದನ್ನು ತುರುಕಿದರೆ ಸಿಟ್ಟು ಬರುತ್ತದೆ. ಒಬ್ಬ ಸಾಕ್ಷಿ ‘ಬಾಗಿಲು ತೆರೆದಿತ್ತು’, ಇನ್ನೊಬ್ಬ ‘ಹಾಕಿತ್ತು’ ಅಂದರೆ ಹೇಳಿಕೆಗಳು ತದ್ವಿರುದ್ಧ. ಒಬ್ಬ ಒಂಬತ್ತು ಗಂಟೆ, ಇನ್ನೊಬ್ಬ ಹತ್ತು ಗಂಟೆ ಅಂದರೆ ಬರೀ ವ್ಯತ್ಯಾಸ.

ಪ್ರಶ್ನೆ: ವಿರುದ್ದವೋ, ವಿರುದ್ಧವೋ? (ಭಾಲ್ಕಿ)

ವಿರುದ್ಧ. ದಕಾರಕ್ಕೆ ಧಕಾರದ ಒತ್ತು. ಧಾತು ‘ರುಧ್’, ಅಂದರೆ ತಡೆ. ‘ವಿರೋಧ’ದಲ್ಲಿ ಹೊಟ್ಟೆ ಸೀಳುವವರು ಇಲ್ಲೇಕೆ ಮರೆಯುತ್ತಾರೋ! ಇದ್ದ, ಬಿದ್ದ, ಎದ್ದ ಅಚ್ಚಗನ್ನಡ, ಅವಕ್ಕೆ ಮಹಾಪ್ರಾಣ ಬೇಡ.

ಪ್ರಶ್ನೆ: ಖಿಲಾಫತ್ ಚಳವಳಿ ಅಂದರೆ ಬ್ರಿಟಿಷರ ‘ಖಿಲಾಫ್’ (ವಿರುದ್ಧ) ನಡೆದದ್ದು ಅಂತ ತಾನೇ? (ಬೀದರ್)

ಮೊಬೈಲ್ ಪಂಡಿತರ ವ್ಯುತ್ಪತ್ತಿ ಇದು. ಖಲೀಫನ ಪದವಿಗೆ ಖಿಲಾಫತ್ ಎನ್ನುತ್ತಾರೆ. 1919ರಲ್ಲಿ ಶುರುವಾದ ಆ ಚಳವಳಿ ತುರ್ಕಿಯ ಖಲೀಫನ ಪರವಾಗಿತ್ತು. ವಿರೋಧಕ್ಕೆ ಉರ್ದುವಿನಲ್ಲಿ ‘ಮುಖಾಲಿಫತ್’. ಓಣಿಯ ಉರ್ದು ಮಾಸ್ತರರನ್ನು ಕೇಳಿದ್ದರೂ ಹೇಳುತ್ತಿದ್ದರು. ‘ಅವ ನಮ್ಮ ಖಿಲಾಫ್ ಅದಾನ’ ಅನ್ನುವುದು ಕಟ್ಟೆಯ ಮೇಲೆ ಚೆಂದ, ಅರ್ಜಿಯಲ್ಲಿ ಬೇಡ.

ಪ್ರಶ್ನೆ: ನೀರಿನ ವಿರುದ್ಧಪದ ಬೆಂಕಿಯೇ? ಮಗಳ ಪರೀಕ್ಷೆ ಹತ್ತಿರ ಬಂತು. (ಶಹಾಪುರ)

ನೀರಿಗೆ ವಿರುದ್ಧಪದ ಇಲ್ಲ.

ಪ್ರಶ್ನೆ: ಹಾಲು, ಮೀನು ವಿರುದ್ಧಾಹಾರವೇ? (ಕಲಬುರಗಿ)

ವೈದ್ಯರನ್ನು ಕೇಳಿ. ನನಗೆ ಗೊತ್ತಿರುವುದು ಸವರ್ಣದೀರ್ಘ ಸಂಧಿ ಅಷ್ಟೇ.