ಒಡೆದ ಹೆಂಚಿಗೆ ಸಾಲ ಯಾರು ಕೊಡುತ್ತಾರೆ?

ಬೆಳಗಾವಿಯ ವಡಗಾವಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ಹದಿನಾಲ್ಕು ವರ್ಷದಿಂದ ಒಂದೇ ಬಾಡಿಗೆ ಮನೆಯಲ್ಲಿ ಇದ್ದೇವೆ. ಮುಂದಿನ ಖೋಲಿಯಲ್ಲಿ ಎರಡು ಮಗ್ಗ. ಹಿಂದಿನದರಲ್ಲಿ ಅಡುಗೆ, ಮಲಗುವುದು ಎಲ್ಲ. ಮಾಲೀಕರು ತೀರಿಕೊಂಡರು. ಮನೆ ಮಾರುತ್ತೇವೆ, ದೀಪಾವಳಿಯೊಳಗೆ ಖಾಲಿ ಮಾಡಿ ಎನ್ನುತ್ತಿದ್ದಾರೆ ಮಕ್ಕಳು. ಬೇರೆ ಕಡೆ ಕೇಳಿದರೆ ಬಾಡಿಗೆ ಎರಡು ಪಟ್ಟು. ಮಗ್ಗ ಅಂದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಾರೆ. ಮನೆ ಕಟ್ಟುವವರಿಗೆ ಸರಕಾರ ದುಡ್ಡು ಕೊಡುತ್ತದೆ. ಬಾಡಿಗೆಯವರಿಗೆ ಏನೂ ಇಲ್ಲವೇ? ನನ್ನ ಹೆಸರು ಹಾಕಬೇಡಿ."

ಅಕ್ಕಾವರೆ,

ನಿಮ್ಮ ಪತ್ರ ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಅದಕ್ಕೇ ಕಳೆದ ವಾರ ಮನೆಗೆ ಬಂದೆ. ನೀವು ಮಗ್ಗ ನಿಲ್ಲಿಸಿದಾಗಲೇ ಗೊತ್ತಾಯಿತು, ಅಷ್ಟೊತ್ತು ನಾವಿಬ್ಬರೂ ಕೂಗಿ ಮಾತಾಡುತ್ತಿದ್ದೆವು ಅಂತ. ತಲೆ ಎತ್ತಿ ನೋಡಿದೆ. ಹೆಂಚಿನ ಸಂದಿಗೆ ನೀಲಿ ತಾಡಪತ್ರಿ ತುರುಕಿದ್ದೀರಿ. ಎರಡನೇ ಮಗ್ಗದ ಮೇಲಿನ ಜಂತಿ ಬಾಗಿದೆ, ಅದಕ್ಕೊಂದು ಬಿದಿರಿನ ಆಸರೆ ಕೊಟ್ಟಿದ್ದೀರಿ. "ಮಳೆ ಬಂದರೆ ಮೊದಲು ಮಗ್ಗದ ಬೀಮಿನ ನೂಲು ಮುಚ್ಚುತ್ತೇವೆ, ಆಮೇಲೆ ಹುಡುಗರ ಹಾಸಿಗೆ" ಅಂದಿರಿ. ಆ ಮಾತು ಇನ್ನೂ ಕಿವಿಯಲ್ಲಿದೆ.

ಮೊದಲು ತುರ್ತಿನ ವಿಷಯ ಹೇಳುತ್ತೇನೆ. ಮನೆ ಮಾರಿದ ಮಾತ್ರಕ್ಕೆ ನಿಮ್ಮ ಬಾಡಿಗೆ ಹಕ್ಕು ಹೋಗುವುದಿಲ್ಲ. ಕೊಂಡವರು ನಿಮ್ಮ ಹೊಸ ಮಾಲೀಕರಾಗುತ್ತಾರೆ, ಅಷ್ಟೇ. ಖಾಲಿ ಮಾಡಿಸಬೇಕಾದರೆ ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು. ನೀವು ಒಪ್ಪದಿದ್ದರೆ ಕೋರ್ಟಿಗೆ ಹೋಗಬೇಕು. ಸಾಮಾನು ಹೊರಗೆ ಹಾಕಿ ಬೀಗ ಜಡಿಯುವಂತಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಲ್ಲಿ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಎಂದಿದೆ. ತಯಾರಿಕೆಗೆಂದು ಕೊಟ್ಟ ಜಾಗವಾದರೆ, ಬೇರೆ ಕರಾರು ಇಲ್ಲದಿದ್ದಾಗ, 6 ತಿಂಗಳು. ಎರಡು ಮಗ್ಗ ಓಡುವ ನಿಮ್ಮ ಮನೆ ಯಾವುದರಲ್ಲಿ ಬರುತ್ತದೆ ಎಂಬುದನ್ನು ವಕೀಲರೇ ಕಾಗದ ನೋಡಿ ಹೇಳಬೇಕು. ಫೀಸಿನ ಚಿಂತೆ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. ಇನ್ನು ಮುಂದೆ ಬಾಡಿಗೆಯನ್ನು ಕೈಯಲ್ಲಿ ಕೊಡಬೇಡಿ, ಬ್ಯಾಂಕಿಗೋ ಫೋನಿನಲ್ಲೋ ಹಾಕಿ. ಗುರುತು ಉಳಿಯುತ್ತದೆ.

ಇದರಿಂದ ನಿಮಗೆ ಸ್ವಲ್ಪ ಸಮಯ ಸಿಗುತ್ತದೆ. ಮನೆ ಉಳಿಯುತ್ತದೆ ಅಂತ ಮಾತ್ರ ಹೇಳಲಾರೆ.

ಬಾಡಿಗೆ ಕಾಯ್ದೆ ಏನಾಯಿತು ಅಂತ ನಿಮ್ಮ ಯಜಮಾನರು ಕೇಳಿದರು. 1961ರ ಕಾಯ್ದೆಯ ಜಾಗಕ್ಕೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಂತು, 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ಆದರೆ ದೊಡ್ಡ ಊರುಗಳಲ್ಲಿ 3,500 ರೂ., ಉಳಿದ ಕಡೆ 2,000 ರೂ. ದಾಟಿದ ತಿಂಗಳ ಬಾಡಿಗೆಯನ್ನು ಅದು ಮುಟ್ಟುವುದಿಲ್ಲ. ಈಗ ಆ ದುಡ್ಡಿಗೆ ಸಂಸಾರ ಹೂಡುವಂಥ ಮನೆ ಎಲ್ಲಿ ಸಿಗುತ್ತದೆ ಹೇಳಿ. ಹಾಗಂತ ಹಳೆಯ ಕಾಯ್ದೆಯೇ ಬೇಕಿತ್ತು ಎನ್ನುವವನಲ್ಲ ನಾನು. ಹುಡುಗನಾಗಿದ್ದಾಗ ಶಹಾಪುರದ ಒಂದು ವಾಡೆಯಲ್ಲಿ ನಾವು ಆರು ಸಂಸಾರ ಬಾಡಿಗೆಗಿದ್ದೆವು. ವರ್ಷಗಟ್ಟಲೆ ಬಾಡಿಗೆ ಏರಲಿಲ್ಲ, ಮಾಲೀಕರು ರಿಪೇರಿಗೆ ಕೈ ಹಾಕಲಿಲ್ಲ. ಒಂದು ಮಳೆಗಾಲ ಹಿತ್ತಲ ಗೋಡೆ ಬಿತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಇದೆ. ಆ ಆರು ಮನೆಯವರಲ್ಲಿ ಒಬ್ಬರೂ ಅಲ್ಲಿಲ್ಲ. ಬಾಡಿಗೆ ಕಟ್ಟಿಹಾಕಿದರೆ ಸಾಲದು, ಮನೆಯೂ ನಿಂತಿರಬೇಕಲ್ವಾ?

ನಿಮ್ಮನ್ನು ಕೇಳಿಯೇ ಮಾಲೀಕರ ಹಿರಿಯ ಮಗನಿಗೆ ಫೋನ್ ಮಾಡಿದೆ. ಕೆಟ್ಟ ಮನುಷ್ಯ ಅಲ್ಲ. "ಮಾರೋ ಮನಸ್ಸಿಲ್ರೀ ಸರ್" ಅಂದರು. "ರಿಪೇರಿಗೆ ಸಾಲ ಕೇಳಾಕ ಹೋಗಿದ್ದೆ. ಉತಾರದಾಗ (ಆಸ್ತಿ ದಾಖಲೆಯಲ್ಲಿ) ಇನ್ನೂ ಅಜ್ಜನ ಹೆಸರೈತಿ. ವಾಟ್ನಿ (ಆಸ್ತಿ ಪಾಲು) ಆಗಿಲ್ಲ. ಮೂರೂ ಮಂದಿ ಅಣ್ಣತಮ್ಮರ ಸಹಿ, ಅತ್ತಿಗಳ ಸಹಿ ತಗೊಂಡು ಬಾ ಅಂದ್ರು. ಮ್ಯಾಲ ಅದು ಹೆಂಚಿನ ಮನಿ." ಮಳೆಗಾಲದಲ್ಲಿ ಗೋಡೆ ಬಿದ್ದು ಯಾರಿಗಾದರೂ ಪೆಟ್ಟಾದರೆ ತನ್ನ ತಲೆಗೇ ಬರುತ್ತದೆ ಎಂಬ ಹೆದರಿಕೆ ಅವರಿಗೆ. ಬಿಲ್ಡರು ಮಾತ್ರ ಎಲ್ಲ ಸಹಿ ತಾನೇ ಮಾಡಿಸಿಕೊಳ್ಳುತ್ತೇನೆ ಅಂದಿದ್ದಾನಂತೆ. ಉಳಿಸಲು ಸಾಲವಿಲ್ಲ, ಕೆಡವಲು ದುಡ್ಡು ಬಾಗಿಲಿಗೇ ಬರುತ್ತದೆ. ನಮ್ಮ ಊರುಗಳಲ್ಲಿ ಅಗ್ಗದ ಬಾಡಿಗೆ ಮನೆಗಳು ಒಂದೊಂದಾಗಿ ಹೋಗುತ್ತಿರುವುದು ಹೀಗೆ.

ನಾನು ಪರಿಚಯದ ಬಡಿಗರೊಬ್ಬರನ್ನು ಕರೆತಂದಿದ್ದೆನಲ್ಲ, ಅವರ ಅಂದಾಜು ಒಂದೂವರೆ ಲಕ್ಷ. ಜಂತಿ ಬದಲಿಸಿ, ಹೆಂಚು ತೆಗೆದು ಹೊಂದಿಸಿ ಹಾಕಿ, ಹಿಂದಿನ ಗೋಡೆ ಕಟ್ಟುವುದಕ್ಕೆ. ಅಷ್ಟನ್ನು ಮಾಲೀಕರು ಸಹಕಾರಿ ಸೊಸೈಟಿಯಿಂದ ಸಾಲ ತೆಗೆದರೆ, ಶೇ. 10ರ ಬಡ್ಡಿ, 5 ವರ್ಷದ ಅವಧಿ ಅಂದರೆ ತಿಂಗಳ ಕಂತು ಸುಮಾರು 3,190 ರೂ. ನೀವು ಕೊಡುವ ಬಾಡಿಗೆ 4,500. ಬಾಡಿಗೆ ನೇರ ಸೊಸೈಟಿಗೆ ಹೋಗಿ ಕಂತು ಕಳೆದರೆ ಮಾಲೀಕರ ಕೈಗೆ 1,300 ಉಳಿಯುತ್ತದೆ. ಅದು ಕಡಿಮೆಯೇ. ಆ ಶೇ. 10ರ ಬಡ್ಡಿಯಲ್ಲಿ 6ನ್ನು ಪಾಲಿಕೆಯೋ ಸರಕಾರವೋ ಹೊತ್ತು, ಮಾಲೀಕರಿಗೆ 4 ಉಳಿದರೆ ಕಂತು 2,760ಕ್ಕೆ ಇಳಿಯುತ್ತದೆ. ಆಗ ಸರಕಾರಕ್ಕೆ ಬೀಳುವ ಖರ್ಚು ಐದು ವರ್ಷಕ್ಕೆ 26 ಸಾವಿರದ ಆಸುಪಾಸು. ಜೊತೆಗೆ ಮನೆ ತೆರಿಗೆಯಲ್ಲಿ ಸ್ವಲ್ಪ ಬಿಟ್ಟರೆ ಮಾಲೀಕರಿಗೂ ಉಸಿರಾಡಲು ಆಗುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರದ ಎರಡನೇ ಹಂತದಲ್ಲಿ ಸ್ವಂತ ಜಾಗದಲ್ಲಿ ಕಟ್ಟುವವರಿಗೆ 2.5 ಲಕ್ಷ ರೂ.ವರೆಗೆ ಸಹಾಯವಿದೆ. ಅದು ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಅದರ ಹತ್ತರಲ್ಲಿ ಒಂದು ಪಾಲಿನಲ್ಲಿ ನಿಮ್ಮ ಮನೆ ನಿಲ್ಲುತ್ತದೆ.

ಸಾಲ ಕೊಡಲು ನಮ್ಮಲ್ಲಿ ಸೊಸೈಟಿಗಳಿಗೆ ಬರವಿಲ್ಲ. 1905ರಷ್ಟು ಹಿಂದೆಯೇ ಗದಗ ಹತ್ತಿರದ ಕಣಗಿನಹಾಳದಲ್ಲಿ ರೈತರು ಸಹಕಾರಿ ಸಂಘ ಕಟ್ಟಿದ ಸೀಮೆ ಇದು. ವಾಟ್ನಿ ಆಗದ ಮನೆಗೂ, ವಾರಸುದಾರರೆಲ್ಲರ ಒಂದು ಒಪ್ಪಿಗೆ ಪತ್ರದ ಮೇಲೆ ಸಣ್ಣ ರಿಪೇರಿ ಸಾಲ ಕೊಡಬೇಕು. ಪಾಲಿಕೆ ಜಾಮೀನು ನಿಲ್ಲಬೇಕು. ಪ್ರತಿಯಾಗಿ ಮಾಲೀಕರು ಹತ್ತು ವರ್ಷ ಬಾಡಿಗೆದಾರರನ್ನು ಬಿಡಿಸಬಾರದು, ವರ್ಷಕ್ಕೆ ಶೇ. 5ಕ್ಕಿಂತ ಜಾಸ್ತಿ ಬಾಡಿಗೆ ಏರಿಸಬಾರದು. ಈ ಷರತ್ತು ಸಾಲಕ್ಕಲ್ಲ, ಮನೆಗೆ ಅಂಟಿಕೊಂಡಿರಬೇಕು. ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕದಲ್ಲಿ ನೋಡಬಹುದು. ಅಲ್ಲಿನ ಕೃಷಿ ಇಲಾಖೆ ಹಳ್ಳಿಗಳಲ್ಲಿ ಬಾಡಿಗೆ ಮನೆ ಕಟ್ಟುವವರಿಗೆ ಬಡ್ಡಿ ಬರೀ ಶೇ. 1 ಬೀಳುವಂತೆ ದಶಕಗಟ್ಟಲೆ ಸಾಲ ಕೊಟ್ಟಿತು, ಬಡವರಿಗೆ ಎಟಕುವ ಬಾಡಿಗೆ ಇರಬೇಕು ಅಂತ ಕಟ್ಟು ಹಾಕಿತು. ಈಗ ಆ ಸಾಲಗಳು ತೀರುತ್ತಿವೆ. ಸಾಲ ತೀರಿದ ಮನೆಯಲ್ಲಿ ಕಟ್ಟೂ ಸಡಿಲ, ಬಾಡಿಗೆಗೆ ಸಿಗುತ್ತಿದ್ದ ಸರಕಾರದ ನೆರವೂ ಸಾಮಾನ್ಯವಾಗಿ ನಿಂತುಹೋಗುತ್ತದೆ.

ಬಾಡಿಗೆಯವರಿಗೆ ಏನೂ ಇಲ್ಲವೇ ಅಂದಿರಿ. 2020ರಲ್ಲಿ, ಲಾಕ್‌ಡೌನ್‌ನಲ್ಲಿ ಕೂಲಿಕಾರರು ಊರಿಗೆ ನಡೆದುಹೋದ ಮೇಲೆ, ಕೇಂದ್ರ ಸರಕಾರ ಕೈಗೆಟಕುವ ಬಾಡಿಗೆ ಮನೆಗಳ ಯೋಜನೆ ತಂದಿತು. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಆವಾಸ್ ಎರಡನೇ ಹಂತದಲ್ಲೂ ಬಾಡಿಗೆ ಮನೆಗೆ ಒಂದು ಭಾಗವಿದೆ. ಆದರೆ ಅವು ಖಾಲಿ ಬಿದ್ದ ಸರಕಾರಿ ಮನೆಗಳಿಗೆ, ಹೊಸ ಕಟ್ಟಡಗಳಿಗೆ. ಓಣಿಯೊಳಗಿನ ಎರಡು ಖೋಲಿಯ ಹಳೆ ಮನೆ ಅವುಗಳ ಲೆಕ್ಕದಲ್ಲಿಲ್ಲ. ಬಾಡಿಗೆದಾರರನ್ನು ಹುಡುಕುವುದು ಕಷ್ಟ ಎಂಬ ನೆಪ ಮಾತ್ರ ಯಾರೂ ಹೇಳಬಾರದು. 2023ರಲ್ಲಿ ಗೃಹಜ್ಯೋತಿ ಬಂದಾಗ ಬಾಡಿಗೆಯವರೂ ಮೀಟರಿನ ಆರ್‌.ಆರ್. ನಂಬರಿಗೆ ಆಧಾರ್ ಜೋಡಿಸಿ ಹೆಸರು ಬರೆಸಿದರು. ನೀವೂ ಬರೆಸಿದ್ದೀರಿ.

ಹಳ್ಳಿಯ ಕಡೆ ತೊಡಕು ಬೇರೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆ ದುಡಿಯಲು ಗೋವಾಕ್ಕೆ, ಪುಣೆಗೆ ಹೋದವರ ಮನೆಗೆ ಬೀಗ. ಅದೇ ಊರಿನ ಶಾಲೆಯ ಶಿಕ್ಷಕಿಯರು ಇರಲು ಮನೆ ಸಿಗದೆ ದಿನಾ ಬಸ್ಸಿನಲ್ಲಿ ಓಡಾಡುತ್ತಾರೆ. ಕೇಳಿದರೆ "ಒಮ್ಮೆ ಕೊಟ್ರ ಬಿಡಂಗಿಲ್ಲ" ಎಂಬ ಭಯ. 1974ರ ಭೂಸುಧಾರಣೆಯಲ್ಲಿ ಉಳುವವರು ಫಾರ್ಮ್ ನಂಬರ್ 7 ಹಾಕಿ ಹೊಲ ತಮ್ಮದು ಮಾಡಿಕೊಂಡ ನೆನಪು ಇನ್ನೂ ಹಳ್ಳಿಯಲ್ಲಿದೆ. ಅದು ಹೊಲದ ಮಾತು. ಮನೆ ಬಾಡಿಗೆ ಕೊಟ್ಟ ಮಾತ್ರಕ್ಕೆ ಮನೆ ಯಾರ ಪಾಲೂ ಆಗುವುದಿಲ್ಲ. ಗ್ರಾಮ ಪಂಚಾಯಿತಿಯೇ ನಡುವೆ ನಿಂತು ಕರಾರು ಬರೆಸಿ, ಬಾಡಿಗೆಗೆ ಹೊಣೆಯಾದರೆ ಎಷ್ಟೋ ಬೀಗ ತೆಗೆಯುತ್ತವೆ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಮಾಲೀಕರ ಹಿರಿಯ ಮಗ ಮೂರೂ ಜನ ಅಣ್ಣತಮ್ಮಂದಿರನ್ನು ಕೂಡಿಸಲು ಒಪ್ಪಿದ್ದಾರೆ. ನಿಮ್ಮ ಓಣಿಯಲ್ಲೇ ಇರುವ ಸೊಸೈಟಿಯ ಕಾರ್ಯದರ್ಶಿಗೂ ಬರಲು ಹೇಳಿದ್ದೇನೆ. ಅವರು ಇನ್ನೂ ಹೂಂ ಅಂದಿಲ್ಲ, ಆದರೆ ಲೆಕ್ಕದ ಚೀಟಿ ಇಸಿದುಕೊಂಡರು. ಬರುವ ಮಂಗಳವಾರ ಸಂಜೆ ನಮ್ಮ ಕಚೇರಿಗೆ ಬನ್ನಿ. ಹಳೆಯ ಕರಾರು ಪತ್ರದ ಜೆರಾಕ್ಸ್, ಬಾಡಿಗೆ ಕೊಟ್ಟ ಚೀಟಿಗಳು, ಮಗ್ಗದ ಮೀಟರಿನ ಬಿಲ್ಲು, ಬಡಿಗರು ಬರೆದುಕೊಟ್ಟ ಅಂದಾಜು, ಎಲ್ಲ ತನ್ನಿ. ಯಜಮಾನರನ್ನೂ ಕರೆದುಕೊಂಡು ಬನ್ನಿ.

— ಸಂಪಾದಕ