ಪುಕ್ಕಟೆ ಬಂದ ಔಷಧಿಯೂ ಲೆಕ್ಕಕ್ಕೆ ಬರುತ್ತದೆ

ಪ್ರಶ್ನೆ: ಹತ್ತಿಯ ರಸ ಹೀರುವ ಕೀಟಗಳ ಮೇಲಿನ ನಮ್ಮ ಪ್ರಯೋಗಕ್ಕೆ ಕಂಪನಿಯೊಂದು ಔಷಧಿಯನ್ನು ಪುಕ್ಕಟೆ ಕೊಟ್ಟಿತು, ದುಡ್ಡು ಕೊಟ್ಟಿಲ್ಲ. ಹೋದ ವರ್ಷ ಅದೇ ಕಂಪನಿಯ ಡೀಲರ್ ಸಭೆಯಲ್ಲಿ ನಮ್ಮ ಗೈಡ್ ಮಾತನಾಡಿ ಗೌರವಧನ ಪಡೆದಿದ್ದರು. ಪೇಪರನ್ನು ಜರ್ನಲ್‌ಗೆ ಕಳಿಸುವಾಗ ಹಿತಾಸಕ್ತಿ ಸಂಘರ್ಷದ ಕಾಲಂನಲ್ಲಿ ‘ಇಲ್ಲ’ ಎಂದು ಬರೆದರೆ ಸಾಕಲ್ಲವೇ?
— ಹೆಸರು ಬೇಡ, ರಾಯಚೂರು

ಉತ್ತರ: ಸಾಲದು, ಎರಡನ್ನೂ ಬರೆಯಬೇಕು. ಫಲಿತಾಂಶ ಬದಲಾಯಿತೇ ಎಂದು ಆ ಕಾಲಂ ಕೇಳುತ್ತಿಲ್ಲ. ಸಂಬಂಧ ಇತ್ತೇ ಎಂದು ಕೇಳುತ್ತದೆ. ತೂಗಿ ನೋಡುವುದು ಎಡಿಟರ್ ಮತ್ತು ಓದುಗರ ಕೆಲಸ.

ವೈದ್ಯಕೀಯ ಜರ್ನಲ್‌ಗಳು ಬಳಸುವ ಐಸಿಎಂಜೆಇ (ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ಫಾರ್ಮನ್ನು ಕೃಷಿಯವರೂ ಮುಂದಿಟ್ಟುಕೊಳ್ಳಬಹುದು. ಈ ಪೇಪರಿಗೇ ಸಿಕ್ಕ ನೆರವು ಎಷ್ಟು ಹಳೆಯದಾದರೂ ಹೇಳಬೇಕು. ಉಳಿದಂತೆ ಕಳೆದ 36 ತಿಂಗಳಲ್ಲಿ ಪಡೆದ ಸಲಹಾ ಶುಲ್ಕ, ಗೌರವಧನ, ಪ್ರಯಾಣ ವೆಚ್ಚ, ಪೇಟೆಂಟ್, ಷೇರು, ಉಪಕರಣ, ಸಾಮಗ್ರಿ ಎಲ್ಲವೂ ಬರುತ್ತವೆ. ನಿಮ್ಮ ಜರ್ನಲ್‌ನ ನಿಯಮ ಬೇರೆ ಇದ್ದರೆ ಅದೇ ಕಟ್ಟಳೆ.

ಹೀಗೆ ಬರೆಯಿರಿ: ‘ಪ್ರಯೋಗದ ಕೀಟನಾಶಕವನ್ನು ಇಂಥ ಕಂಪನಿ ಉಚಿತವಾಗಿ ಒದಗಿಸಿದೆ. ಪ್ರಯೋಗದ ವಿನ್ಯಾಸ, ವಿಶ್ಲೇಷಣೆ, ಬರವಣಿಗೆಯಲ್ಲಿ ಅದರ ಪಾತ್ರವಿಲ್ಲ. ಎರಡನೆಯ ಲೇಖಕರು ಅದೇ ಕಂಪನಿಯಿಂದ ಉಪನ್ಯಾಸ ಗೌರವಧನ ಪಡೆದಿದ್ದಾರೆ.’ ನಡುವಿನ ವಾಕ್ಯ ನಿಜವಾಗಿದ್ದರೆ ಮಾತ್ರ ಹಾಕಿ. ಲೀಟರಿಗೆ ಎಷ್ಟು ಎಂಎಲ್, ಯಾವ ಔಷಧಿಯ ಜೊತೆ ಹೋಲಿಕೆ ಎಂಬುದನ್ನು ಕಂಪನಿಯವರೇ ಹೇಳಿದ್ದರೆ ಅದು ಪಾತ್ರವೇ. ಎದುರಾಳಿ ಔಷಧಿಯನ್ನು ಶಿಫಾರಸಿಗಿಂತ ಕಡಿಮೆ ಪ್ರಮಾಣದಲ್ಲಿ ಹೊಡೆಸಿ ಗೆಲ್ಲುವುದು ಹಳೆಯ ಚಾಳಿ. ಪ್ರಕಟಣೆಗೆ ಕಂಪನಿಯ ಒಪ್ಪಿಗೆ ಬೇಕು ಎಂಬ ಷರತ್ತು ಒಪ್ಪಂದದಲ್ಲಿದೆಯೇ ನೋಡಿ. ಇದ್ದರೆ ಅದನ್ನೂ ತಿಳಿಸಿ.

ಹೆಚ್ಚಾಗಿ ತಪ್ಪುವುದು ಕಪಟದಿಂದಲ್ಲ, ಅವಸರದಿಂದ. ಕರೆಸ್ಪಾಂಡಿಂಗ್ ಆಥರ್, ಅಂದರೆ ಜರ್ನಲ್ ಜೊತೆ ಪತ್ರವ್ಯವಹಾರ ಮಾಡುವ ಲೇಖಕರು, ರಾತ್ರಿ ಕೂತು ಎಲ್ಲರ ಪರವಾಗಿ ‘ಇಲ್ಲ’ ಒತ್ತಿಬಿಡುತ್ತಾರೆ. ಪ್ರತಿಯೊಬ್ಬ ಸಹಲೇಖಕರಿಂದಲೂ ಇಮೇಲ್‌ನಲ್ಲಿ ಉತ್ತರ ತರಿಸಿ ಇಟ್ಟುಕೊಳ್ಳಿ. ಕೊನೆಯಲ್ಲಿ ಕಂಪನಿಗೆ ಕೃತಜ್ಞತೆ ಹೇಳಿದ ಮಾತ್ರಕ್ಕೆ ಘೋಷಣೆ ಆಗುವುದಿಲ್ಲ. ಪೇಪರ್ ಆಗಲೇ ಅಚ್ಚಾಗಿದ್ದರೆ ನೀವೇ ಎಡಿಟರ್‌ಗೆ ಬರೆಯಿರಿ. ಫಲಿತಾಂಶ ಗಟ್ಟಿಯಿದ್ದರೆ ಸಾಮಾನ್ಯವಾಗಿ ಒಂದು ತಿದ್ದುಪಡಿಯಲ್ಲಿ ಮುಗಿಯುತ್ತದೆ. ಬೇರೆಯವರು ದೂರು ಕೊಟ್ಟ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಪ್ರಶ್ನೆ: ನನ್ನ ಹಳೆಯ ಗೈಡ್ ಬರೆದ ಪೇಪರ್ ರಿವ್ಯೂಗೆ (ಪ್ರಕಟಣೆಗೆ ಮುನ್ನಿನ ಪರಿಶೀಲನೆಗೆ) ನನಗೆ ಬಂದಿದೆ. ಒಪ್ಪಲೇ?
— ಉಪನ್ಯಾಸಕಿ, ಬಳ್ಳಾರಿ

ಉತ್ತರ: ಬೇಡ. ಗೈಡ್, ಶಿಷ್ಯರು, ಒಂದೇ ಸಂಸ್ಥೆಯವರು, ಇತ್ತೀಚಿನ ಸಹಲೇಖಕರು ಇದ್ದರೆ ಕಾರಣವನ್ನು ಒಂದೇ ಸಾಲಿನಲ್ಲಿ ತಿಳಿಸಿ, ಬೇಗ ಬಿಟ್ಟುಕೊಡಿ. ಅದೇ ವಿಷಯದ ನಿಮ್ಮ ಪೇಪರ್ ತಯಾರಾಗುತ್ತಿದ್ದರೂ ಹೇಳಲೇಬೇಕು. ದ್ವೇಷವೂ ಹಿತಾಸಕ್ತಿಯೇ, ಮೇಡಂ.

ಪ್ರಶ್ನೆ: ನಮ್ಮೂರ ಪಕ್ಕದ ಕಾರ್ಖಾನೆಯ ಹಣದಲ್ಲಿ ನಡೆದ ಅಧ್ಯಯನ ‘ಗಾಳಿ ಮಿತಿಯೊಳಗೇ ಇದೆ’ ಎನ್ನುತ್ತದೆ. ಹಣ ಅವರದಾದ ಮೇಲೆ ಇದು ಸುಳ್ಳೇ ಅಲ್ಲವೇ?
— ಶಿಕ್ಷಕರು, ಕೊಪ್ಪಳ

ಉತ್ತರ: ಹಾಗೆಂದು ತೀರ್ಮಾನಿಸಬೇಡಿ, ಸರ್. ಹಣದ ಮೂಲ ನೋಡಿದ ಮೇಲೆ ವಿಧಾನ ನೋಡಿ. 2009ರ ರಾಷ್ಟ್ರೀಯ ಮಾನದಂಡದಂತೆ ಪಿಎಂ 10 ಧೂಳು (10 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳು) ಘನ ಮೀಟರಿಗೆ 24 ಗಂಟೆಯ ಸರಾಸರಿಯಲ್ಲಿ 100, ವಾರ್ಷಿಕ ಸರಾಸರಿಯಲ್ಲಿ 60 ಮೈಕ್ರೋಗ್ರಾಂ ದಾಟಬಾರದು. ವಾರ್ಷಿಕ ಲೆಕ್ಕಕ್ಕೆ ಒಂದೇ ಜಾಗದಲ್ಲಿ ವಾರಕ್ಕೆರಡರಂತೆ ಕನಿಷ್ಠ 104 ಅಳತೆ ಬೇಕು. ಮಳೆಗಾಲದ ನಾಲ್ಕು ದಿನ ಅಳೆದು ‘ವರ್ಷವಿಡೀ ಸುರಕ್ಷಿತ’ ಎಂದಿದ್ದರೆ, ಹಣ ಯಾರದಾದರೂ ಆ ಮಾತು ನಿಲ್ಲುವುದಿಲ್ಲ. ಯಂತ್ರ ಇಟ್ಟದ್ದು ಗಾಳಿ ಬರುವ ಕಡೆಯೋ ಧೂಳು ಹೋಗಿ ಬೀಳುವ ಕಡೆಯೋ, ಅದನ್ನೂ ನಕ್ಷೆಯಲ್ಲಿ ಹುಡುಕಿ.

ಹಣ ಅಂಕಿಗಳನ್ನು ತಿದ್ದುವುದಕ್ಕಿಂತ ಪ್ರಶ್ನೆಯನ್ನೇ ತಿರುಗಿಸುವುದು ಹೆಚ್ಚು. ಹೃದ್ರೋಗಕ್ಕೆ ಕೊಬ್ಬನ್ನು ದೂರಿ ಸಕ್ಕರೆಯ ಪಾಲನ್ನು ಹಗುರ ಮಾಡಿದ ಹಾರ್ವರ್ಡ್ ವಿಜ್ಞಾನಿಗಳ ವಿಮರ್ಶಾ ಲೇಖನ 1967ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ದುಡ್ಡು ಸಕ್ಕರೆ ಉದ್ಯಮದ್ದು ಎಂಬುದು ಹಳೆಯ ಪತ್ರಗಳಿಂದ 2016ರಲ್ಲಿ ಬಯಲಾಯಿತು. ಆ ಜರ್ನಲ್‌ನಲ್ಲಿ ಘೋಷಣೆಯ ನಿಯಮ ಬಂದದ್ದೇ 1984ರಲ್ಲಿ.

ನಿಮ್ಮ ಕೈಲಿರುವುದು ಜರ್ನಲ್ ಪೇಪರೋ, ಪರಿಸರ ಅನುಮತಿಗಾಗಿ ಕಂಪನಿ ಬರೆಸಿದ ವರದಿಯೋ ಖಚಿತ ಮಾಡಿಕೊಳ್ಳಿ. ಪೇಪರಾದರೆ ಮೂಲ ಅಂಕಿಅಂಶ ಕೇಳಿ ಕರೆಸ್ಪಾಂಡಿಂಗ್ ಆಥರ್‌ಗೆ ಬರೆಯಿರಿ, ಎಡಿಟರ್‌ಗೂ ಪ್ರತಿ ಇರಲಿ. ವರದಿಯಾದರೆ ಅದಕ್ಕೆ ಜರ್ನಲ್‌ನಂತೆ ರಿವ್ಯೂವರ್‌ಗಳು ಇರುವುದಿಲ್ಲ. ಆಕ್ಷೇಪವನ್ನು ಸಾರ್ವಜನಿಕ ಅಹವಾಲು ಸಭೆಯಲ್ಲಿ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.