ಒಳ್ಳೆಯ ಪಪ್ಪಾಯಿಯನ್ನು ಆರಿಸುವುದು, ಹಣ್ಣಾಗಿಸುವುದು ಮತ್ತು ತಿನ್ನುವುದು ಹೇಗೆ?

ಕೊಂಡು ತಂದ ಪಪ್ಪಾಯಿ ಮೆತ್ತಗಾದರೂ ಸಪ್ಪೆಯಾಗಿಯೇ ಉಳಿಯುವುದೇಕೆ, ಹಾಲಿನ ಜೊತೆ ರುಬ್ಬಿದರೆ ಕಹಿಯಾಗುವುದೇಕೆ, ಮನೆಯವರಿಗೆ ಹಿಡಿಸದ ಅದರ ವಾಸನೆಯನ್ನು ಕಡಿಮೆ ಮಾಡಬಹುದೇ ಎಂದು ನೀವು ಕೇಳಿದ್ದೀರಿ. ನಾನು ವರ್ಷವಿಡೀ ತಿನ್ನುವ ಹಣ್ಣು ಇದು. ನೀವು ಹೇಳಿರುವ ದೂರುಗಳನ್ನೆಲ್ಲ ಹಲವರ ಬಾಯಲ್ಲಿ ಕೇಳಿದ್ದೇನೆ. ಅವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಹಣ್ಣನ್ನು ಆರಿಸುವ ಹಂತದಲ್ಲಿಯೇ ಇರುತ್ತದೆ.

ಬಲಿತ ಬಾಳೆಕಾಯಿಯಲ್ಲಿ ಪಿಷ್ಟ ಧಾರಾಳವಾಗಿರುತ್ತದೆ, ಗೊನೆ ಕಡಿದ ಮೇಲೂ ಅದು ಸಕ್ಕರೆಯಾಗಿ ಮಾರ್ಪಡುತ್ತಾ ಹೋಗುತ್ತದೆ. ಪಪ್ಪಾಯಿಯಲ್ಲಿ ಅಂಥ ದಾಸ್ತಾನು ಇಲ್ಲವೆನ್ನುವಷ್ಟು ಕಡಿಮೆ. ಎಲೆಗಳು ತಯಾರಿಸಿದ ಸಕ್ಕರೆ, ಕಾಯಿ ಬಲಿಯುವ ಕೊನೆಯ ಹಂತದಲ್ಲಿ, ಅದು ಗಿಡದಲ್ಲಿರುವಾಗಲೇ ಬಂದು ಸೇರಬೇಕು. ಕಿತ್ತ ಮೇಲೆ ಕಾಯಿ ತಾನೇ ಬಿಡುವ ಎಥಿಲೀನ್ ಅನಿಲದಿಂದ ಸಿಪ್ಪೆ ಹಳದಿಯಾಗುತ್ತದೆ, ತಿರುಳು ಮೆತ್ತಗಾಗುತ್ತದೆ, ಪರಿಮಳ ಬರುತ್ತದೆ; ಸಿಹಿ ಮಾತ್ರ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಆದ್ದರಿಂದ ಸಾಗಣೆಯ ಅನುಕೂಲಕ್ಕೆಂದು ತೀರ ಹಸಿರಾಗಿರುವಾಗಲೇ ಕಿತ್ತ ಕಾಯಿಯನ್ನು ಮನೆಯಲ್ಲಿ ಎಷ್ಟು ದಿನ ಇಟ್ಟರೂ ಅದು ಮೆತ್ತಗಿನ ಸಪ್ಪೆ ಹಣ್ಣಾಗುತ್ತದೆಯೇ ಹೊರತು ಸಿಹಿ ಹಣ್ಣಾಗುವುದಿಲ್ಲ.

ಹಾಗಾಗಿ ಕೊಳ್ಳುವಾಗ ನೋಡಬೇಕಾದದ್ದು ಗಿಡದಲ್ಲಿರುವಾಗಲೇ ಬಣ್ಣ ತಿರುಗಿತ್ತೇ ಎಂಬುದನ್ನು. ಹಳದಿ ಮೊದಲು ಕಾಣಿಸುವುದು ತೊಟ್ಟಿಗೆ ಎದುರಾದ ತುದಿಯಲ್ಲಿ. ಅಲ್ಲಿಂದ ಏಣುಗಳ ನಡುವೆ ಗೆರೆಗೆರೆಯಾಗಿ ಮೇಲಕ್ಕೆ ಹರಡುತ್ತದೆ. ಕಾಲು ಭಾಗದಿಂದ ಅರ್ಧದವರೆಗೆ ಹೀಗೆ ಹಳದಿ ಹರಡಿ ಇನ್ನೂ ಗಟ್ಟಿಯಾಗಿರುವ ದೋರುಗಾಯಿಯೇ ನನ್ನ ಆಯ್ಕೆ. ಅದನ್ನು ಮನೆಯಲ್ಲಿ ಎರಡು ಮೂರು ದಿನ ಇಟ್ಟುಕೊಂಡರೆ ನಮಗೆ ಬೇಕಾದ ಹದಕ್ಕೆ ಬರುತ್ತದೆ. ಅಂದೇ ತಿನ್ನುವುದಿದ್ದರೆ ಬಹುಪಾಲು ಹಳದಿಯಾದ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ತುಸುವೇ ತಗ್ಗುವ ಹಣ್ಣನ್ನು ತರಬೇಕು. ಒಂದೇ ಗಾತ್ರದ ಎರಡು ಹಣ್ಣುಗಳಿದ್ದರೆ ಕೈಗೆ ಭಾರವೆನಿಸುವುದನ್ನು ಆರಿಸಿ. ದುಂಡನೆಯ ಹಣ್ಣು ಹೆಣ್ಣು ಗಿಡದ್ದು, ಉದ್ದನೆಯದು ದ್ವಿಲಿಂಗಿ ಹೂವಿನದ್ದು. ದುಂಡಗಿನದರಲ್ಲಿ ಒಳಗಿನ ಪೊಳ್ಳು ದೊಡ್ಡದು, ತಿರುಳು ತೆಳ್ಳಗೆ. ರುಚಿಯ ಬಗ್ಗೆ ಆಕಾರ ಏನನ್ನೂ ಹೇಳುವುದಿಲ್ಲವಾದರೂ, ಕೊಟ್ಟ ಹಣಕ್ಕೆ ಹೆಚ್ಚು ತಿರುಳು ಸಿಗುವುದು ಉದ್ದನೆಯದರಲ್ಲಿ.

ತೊಟ್ಟಿನ ಬುಡವನ್ನು ತಿರುಗಿಸಿ ನೋಡದೆ ಪಪ್ಪಾಯಿ ಕೊಳ್ಳಬೇಡಿ. ಕೊಳೆತ ಹೆಚ್ಚಾಗಿ ಅಲ್ಲಿಂದಲೇ ಆರಂಭವಾಗುತ್ತದೆ. ಬಿಳಿಯ ಬೂಷ್ಟು, ಒದ್ದೆ, ಹುಳಿ ವಾಸನೆ ಇವುಗಳಲ್ಲಿ ಯಾವುದು ಕಂಡರೂ ಅದನ್ನು ಬಿಟ್ಟುಬಿಡಿ. ಸಿಪ್ಪೆಯ ಮೇಲೆ ಒಳಕ್ಕೆ ಕುಸಿದ, ನೀರೂರಿದಂತಿರುವ ಕಪ್ಪು ಕಲೆಗಳು ಶಿಲೀಂಧ್ರ ರೋಗದ ಗುರುತು. ಮೇಲ್ಮೈಯಲ್ಲಷ್ಟೇ ಇರುವ ಒಣ ಕಂದು ಚುಕ್ಕೆಗಳಿಂದ ತೊಂದರೆಯಿಲ್ಲ. ಉಂಗುರದಂಥ ಸುತ್ತುಗಳು ಕಂಡರೆ ಅದು ಗಿಡಕ್ಕೆ ತಗಲುವ ಉಂಗುರಚುಕ್ಕೆ ವೈರಸ್ಸಿನದು. ಮನುಷ್ಯರಿಗೆ ಅದರಿಂದ ಅಪಾಯವಿಲ್ಲ, ಆದರೆ ಅಂಥ ಹಣ್ಣಿನಲ್ಲಿ ಸಿಹಿ ಕಡಿಮೆಯಾಗಿರುವ ಸಾಧ್ಯತೆ ಇದೆ.

ಪೂರ್ತಿ ಹಣ್ಣಾಗದ ಪಪ್ಪಾಯಿಯನ್ನು ಫ್ರಿಜ್ಜಿನಲ್ಲಿ ಇಡಬಾರದು. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಕಾಯಿಗೆ ಪೆಟ್ಟು ಕೊಡುತ್ತದೆ, ಆಮೇಲೆ ಹೊರಗಿಟ್ಟರೂ ಅದು ಒಂದೇ ಸಮನೆ ಹಣ್ಣಾಗುವುದಿಲ್ಲ. ಕಾಗದದಲ್ಲಿ ಸುತ್ತಿ ಗಾಳಿಯಾಡುವ ಕಡೆ ಇಡಿ. ಬೇಗ ಬೇಕಿದ್ದರೆ ಕಾಗದದ ಚೀಲದಲ್ಲಿ ಮಾಗಿದ ಬಾಳೆಹಣ್ಣೊಂದನ್ನು ಜೊತೆಗಿಡಿ. ಹಣ್ಣಾದ ಮೇಲೆ ಒಂದೆರಡು ದಿನದ ಮಟ್ಟಿಗೆ ಫ್ರಿಜ್ಜಿನಲ್ಲಿ ಇಡಬಹುದು.

ಕತ್ತರಿಸುವ ವಿಚಾರಕ್ಕೆ ಜನ ಹೆಚ್ಚು ಗಮನ ಕೊಡುವುದಿಲ್ಲ, ಆದರೆ ನೀವು ಹೇಳುವ ಕಹಿ ಮತ್ತು ವಾಸನೆಗಳಲ್ಲಿ ಒಂದು ಪಾಲು ಇಲ್ಲಿಯೇ ಹುಟ್ಟುತ್ತದೆ. ಸಿಪ್ಪೆ ತಿನ್ನುವುದಿಲ್ಲವೆಂದು ತೊಳೆಯದೆ ಬಿಡಬೇಡಿ, ಮೇಲಿನ ಕೊಳೆಯನ್ನು ಚಾಕು ತಿರುಳಿಗೆ ಎಳೆದುಕೊಂಡು ಹೋಗುತ್ತದೆ. ಉದ್ದಕ್ಕೆ ಎರಡು ಹೋಳು ಮಾಡಿದರೆ ನಡುವೆ ಕಪ್ಪು ಬೀಜಗಳು ಕಾಣುತ್ತವೆ, ಒಂದೊಂದಕ್ಕೂ ಲೋಳೆಯ ತೆಳು ಹೊದಿಕೆ ಇರುತ್ತದೆ. ಅವನ್ನು ಚಾಕುವಿನಿಂದ ಕೆರೆಯದೆ ಚಮಚದಿಂದ ಒಡೆಯದಂತೆ ತೆಗೆಯಬೇಕು, ಏಕೆಂದರೆ ಬೀಜ ಜಜ್ಜಿದಾಗ ಸಾಸಿವೆಯ ಘಾಟನ್ನು ಹೋಲುವ ಬೆಂಜೈಲ್ ಐಸೋಥಯೋಸಯನೇಟ್ ಎಂಬ ವಸ್ತು ಹೊರಬರುತ್ತದೆ. ಬೀಜ ಅಂಟಿಕೊಂಡಿದ್ದ ಕಡೆ ಉಳಿಯುವ ಬಿಳಿಯ ನಾರಿನ ಪೊರೆಯನ್ನೂ ಹೆರೆದು ತೆಗೆಯಿರಿ. ಸಿಪ್ಪೆಯ ಕೆಳಗೆ ಹಸಿರು ಛಾಯೆ ಉಳಿದಿದ್ದರೆ ಅಲ್ಲಿ ಸೊನೆಯ ಅಂಶ ಇನ್ನೂ ಇದೆಯೆಂದು ತಿಳಿದು, ಆ ಪದರ ಪೂರ್ತಿ ಹೋಗುವಷ್ಟು ದಪ್ಪಕ್ಕೆ ಸಿಪ್ಪೆ ತೆಗೆಯಬೇಕು. ಒಗರು, ಕಹಿ ಎರಡೂ ಇರುವುದು ಅಲ್ಲಿಯೇ.

ಹಾಲಿನ ಕಹಿಗೆ ಕಾರಣ ಪ್ರೋಟೀನನ್ನು ತುಂಡರಿಸುವ ಪಪೈನ್ ಎಂಬ ಕಿಣ್ವ. ಕಾಯಿಯ ಸೊನೆಯಲ್ಲಿ ಇದು ವಿಪುಲವಾಗಿರುತ್ತದೆ, ಹಣ್ಣಾಗುತ್ತಾ ಬಂದಂತೆ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಗಟ್ಟಿ ಮಾಂಸ ಬೇಗ ಬೇಯಲೆಂದು ಪಪ್ಪಾಯಿ ಕಾಯಿಯನ್ನು ಅರೆದು ಸವರುವುದೂ ಇದೇ ಗುಣಕ್ಕಾಗಿ. ಅದು ಹಾಲಿನ ಪ್ರೋಟೀನನ್ನು ತುಂಡರಿಸಿದಾಗ ಉಂಟಾಗುವ ಸಣ್ಣ ತುಣುಕುಗಳಲ್ಲಿ ಕೆಲವು ಕಹಿಯಾಗಿರುತ್ತವೆ. ರುಬ್ಬಿದ ಕೂಡಲೇ ಕುಡಿದರೆ ಈ ಕಹಿ ಗೊತ್ತಾಗುವುದಿಲ್ಲ, ಅರ್ಧ ಗಂಟೆ ಇಟ್ಟರೆ ಗೊತ್ತಾಗುತ್ತದೆ. ಚೆನ್ನಾಗಿ ಮಾಗಿದ ಹಣ್ಣನ್ನೇ ಬಳಸಿ, ರುಬ್ಬಿದ್ದನ್ನು ಉಳಿಸಿಡಬೇಡಿ. ಉಳಿಸಲೇಬೇಕಿದ್ದರೆ ತಿರುಳನ್ನು ಮೊದಲು ಕುದಿಸಿ ಆರಿಸಿಕೊಳ್ಳಿ.

ವಾಸನೆಯ ಬಗ್ಗೆ ನನ್ನ ಸಲಹೆ ಸರಳ. ಅತಿಯಾಗಿ ಮಾಗಿದ ಹಣ್ಣಿನಲ್ಲಿ ಅದು ಜೋರಾಗಿರುತ್ತದೆ, ತಣ್ಣಗಿರುವಾಗ ಮಂದವಾಗಿರುತ್ತದೆ. ಪಪ್ಪಾಯಿಯಲ್ಲಿ ಹುಳಿ ಬಹಳ ಕಡಿಮೆ. ಅದರ ಸಿಹಿ ಮೊಂಡೆನಿಸುವುದೂ ವಾಸನೆ ಎದ್ದುಕಾಣುವುದೂ ಇದರಿಂದಲೇ. ತಂಪಾದ ಹೋಳುಗಳ ಮೇಲೆ ತಿನ್ನುವ ಮುಂಚೆ ನಿಂಬೆರಸ ಹಿಂಡಿ ಚಿಟಿಕೆ ಉಪ್ಪು ಉದುರಿಸಿದರೆ ಹಣ್ಣಿನ ಚಹರೆಯೇ ಬದಲಾಗುತ್ತದೆ. ಹಿಡಿಸುವುದಿಲ್ಲ ಎನ್ನುವವರಿಗೆ ಮೊದಲು ಹೀಗೆ ಕೊಟ್ಟು ನೋಡಿ. ಹುಳಿ ಕಡಿಮೆ ಇರುವುದರಿಂದಲೇ ಹೆಚ್ಚಿದ ಹೋಳುಗಳಲ್ಲಿ ರೋಗಾಣುಗಳು ಸುಲಭವಾಗಿ ಬೆಳೆಯುತ್ತವೆ. ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಒಂದೆರಡು ದಿನದೊಳಗೆ ಮುಗಿಸಬೇಕು.

ನೂರು ಗ್ರಾಂ ಹಣ್ಣಿನಲ್ಲಿ ಸುಮಾರು 60 ಮಿಲಿಗ್ರಾಂ ಸಿ ಜೀವಸತ್ವ ಇದೆ, ಶಕ್ತಿ ಸುಮಾರು 43 ಕ್ಯಾಲೊರಿ ಮಾತ್ರ. ಆದರೂ ಎಲ್ಲರಿಗೂ ಇದು ಸಮನಾಗಿ ಹೊಂದುವುದಿಲ್ಲ. ಗರ್ಭಿಣಿಯರು ಕಾಯಿಯನ್ನೂ ಅರೆಹಣ್ಣನ್ನೂ ದೂರವಿಡುವುದು ಒಳ್ಳೆಯದು, ಸೊನೆ ಹೆಚ್ಚಾಗಿರುವುದು ಅವುಗಳಲ್ಲಿ. ರಬ್ಬರ್ ಕೈಗವಸಿನಿಂದ ಮೈ ತುರಿಸುವ ಅಲರ್ಜಿ ಇರುವವರಲ್ಲಿ ಕೆಲವರಿಗೆ ಪಪ್ಪಾಯಿಯೂ ಆಗಿಬರುವುದಿಲ್ಲ. ಬಾಯಿ ತುರಿಸಿದರೆ ತಿನ್ನುವುದನ್ನು ನಿಲ್ಲಿಸಿ ವೈದ್ಯರನ್ನು ಕೇಳಿ.

ಇಷ್ಟೆಲ್ಲ ನೋಡಿ ತಂದ ಮೇಲೂ ಕೆಲವೊಮ್ಮೆ ಒಂದು ಕಾಯಿ ವಾರ ಕಳೆದರೂ ಹಸಿರಾಗಿ, ಗಟ್ಟಿಯಾಗಿಯೇ ಉಳಿಯುತ್ತದೆ. ಅದು ಹಣ್ಣಾಗಲೆಂದು ಇನ್ನೂ ಕಾಯಬೇಡಿ. ಸಿಪ್ಪೆ ಹೆರೆದು, ಸೊನೆ ಹೋಗುವಂತೆ ನೀರಿನಲ್ಲಿ ತೊಳೆದು, ತರಕಾರಿಯಂತೆ ಹೆಚ್ಚಿ ಬೇಯಿಸಿ. ತನ್ನದೇ ರುಚಿ ಹೆಚ್ಚಿಲ್ಲದ ಆ ತಿರುಳು ಒಗ್ಗರಣೆಯ ಖಾರವನ್ನೂ ಹುಳಿಯನ್ನೂ ಚೆನ್ನಾಗಿ ಹೀರಿಕೊಳ್ಳುತ್ತದೆ.